ಊಟ ಆಯ್ತಾ ಎಂದು ಕೇಳಿದ ಸಾರಿನ ಪುಡಿ

ನನ್ನ ಷಡ್ಡಕ ಅಮೆರಿಕದವರಿಂದ ಹಿಡಿದು ಜಪಾನಿನವರವರೆಗೆ ಎಷ್ಟೋ ಜನರಿಗೆ ‘ಊಟ ಆಯ್ತಾ?’ ಎಂದು ಕೇಳಿದ್ದಾನೆ. ಅದೂ ಅಚ್ಚ ಕನ್ನಡದಲ್ಲಿ, ಅದೂ ತರೀಕೆರೆಯ ತನ್ನ ಮನೆಯಲ್ಲಿ ಚಾಪೆಯ ಮೇಲೆ ಕುಳಿತು! ಕೇಳಿಸಿಕೊಂಡವರಲ್ಲಿ ಒಬ್ಬರ ಮುಖವನ್ನೂ ಅವನು ನೋಡಿಲ್ಲ. ಅವರಲ್ಲಿ ಒಬ್ಬರಿಗೂ ಕನ್ನಡ ಬರುವುದಿಲ್ಲ. ಆದರೂ ಅವರೆಲ್ಲ ಅವನಿಗೆ ಧನ್ಯವಾದ ಹೇಳುತ್ತಾರೆ. ನಾನು ಕಡೂರಿನಲ್ಲಿ ಎದುರುಮನೆಯವರನ್ನು ದಿನಾ ಊಟ ಆಯ್ತಾ ಎಂದು ವಿಚಾರಿಸುತ್ತೇನೆ. ಅವರು ‘ಹ್ಞೂ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಇದರಲ್ಲಿ ಮುಚ್ಚುಮರೆ ಏಕೆ? ಒಂದೇ ಮನೆಗೆ ಇಬ್ಬರು ಅಳಿಯಂದಿರಾದ ಮೇಲೆ ಹೊಟ್ಟೆಕಿಚ್ಚು ಪಡದೆ ಮತ್ತೇನು ಭಜನೆ ಮಾಡಲಾಗುತ್ತದೆಯೇ?

ಇದರ ಮೂಲ ಅಜ್ಜಂಪುರದಲ್ಲಿದೆ. ನಮ್ಮ ಅತ್ತೆಯ ಮನೆಯಲ್ಲಿ ಈಗಲೂ ನೆಲದ ಮೇಲೆ ಕುಳಿತೇ ಊಟ. ತಟ್ಟೆಯನ್ನು ಮಾತ್ರ ನೆಲಕ್ಕಿಡುವುದಿಲ್ಲ, ಅಡ್ಡಣಿಗೆಯ ಮೇಲಿಡುತ್ತಾರೆ. ಮೂರು ಕಾಲಿನ ಪುಟ್ಟ ಪೀಠ ಅದು. ಮನೆಯವರಿಗೆಲ್ಲ ಮರದ ಅಡ್ಡಣಿಗೆ. ಹಿತ್ತಾಳೆಯದು ಒಂದೇ ಒಂದು, ಅತ್ತೆಯ ಅಜ್ಜಿಯ ಕಾಲದ್ದು. ಅದು ಅಳಿಯನಿಗೆ ಮೀಸಲು. ನಾನೊಬ್ಬನೇ ಅಳಿಯನಾಗಿದ್ದ ಕಾಲದಲ್ಲಿ ಅದರ ಮುಂದೆ ಕುಳಿತು ಹೋಳಿಗೆ ಹೊಡೆಯುವಾಗ ನನಗೆ ಸಿಂಹಾಸನ ಏರಿದಷ್ಟೇ ಸಂತೋಷವಾಗುತ್ತಿತ್ತು. ಆಮೇಲೆ ಇವನು ಬಂದ. ಬಂದ ದಿನದಿಂದ ನನ್ನ ಕಣ್ಣು ತಟ್ಟೆಯ ಮೇಲಿಲ್ಲ, ತಟ್ಟೆಯ ಕೆಳಗಿದೆ.

ಅವನು ಬಂದ ರೀತಿಯಾದರೂ ಹೇಗೆ? ನಾನು ಹುಡುಗಿ ನೋಡಲು ಹೋದಾಗ ಕೊಟ್ಟ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು, ಕೇಳಿದ್ದಕ್ಕೆ ಮಾತ್ರ ಉತ್ತರಿಸಿ, ಗೊಂಬೆಯ ಹಾಗೆ ಕುಳಿತಿದ್ದೆ. ಆದರೂ ನಮ್ಮ ಮಾವ, ಕೊಬ್ಬರಿ ವ್ಯಾಪಾರದವರಲ್ಲವೇ, ನನ್ನನ್ನು ಊರೂರಲ್ಲಿ ವಿಚಾರಿಸಿ, ತಿರುಗಿಸಿ ಮುರುಗಿಸಿ ನೋಡಿ ಒಪ್ಪಿದರು. ಇವನು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಅತ್ತೆ ಏನೋ ಉಪಚಾರದ ಮಾತು ಕೇಳಿದರು. ಅದಕ್ಕೆ ಉತ್ತರ ಕೊಡಲಿಲ್ಲ. ಕಿವಿ ನಿಮಿರಿಸಿಕೊಂಡು ನಿಂತ. ‘ಬಚ್ಚಲ್ಮನೆ ನಲ್ಲಿ ತೊಟ್ಟಿಕ್ತಾ ಐತೆ. ಒಂದು ಸ್ಪ್ಯಾನರ್ ಕೊಡಿ’ ಎಂದ! ಹುಡುಗಿಯನ್ನು ನೋಡಲು ಬಂದವನು ಮೊದಲು ನಲ್ಲಿಯನ್ನು ನೋಡಿದ. ಅಂಗಿ ಒದ್ದೆ ಮಾಡಿಕೊಂಡು ಹೊರಗೆ ಬರುವಷ್ಟರಲ್ಲಿ ಅತ್ತೆ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದರು: ‘ಇವ್ನೇ ಆಗ್ಲಿ ಕಣ್ರೀ. ಇನ್ನು ವಿಚಾರ್ಸೋದೇನೂ ಬ್ಯಾಡ.’

ಅವನ ಕಸುಬೇ ಅದು. ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ಎಂಜಿನಿಯರ್. ಎಲ್ಲಿ ನೀರು ಜಿನುಗೀತು ಎಂದು ಕಣ್ಣಿಟ್ಟು ಕಾಯುವುದು ಕೆಲಸ. ಕೆಲಸ ಮುಗಿದ ಮೇಲೆ ಕಣ್ಣು ಸುಮ್ಮನಿರಬೇಕಲ್ಲ? ಇರುವುದಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ವೆಬ್‌ಸೈಟುಗಳಲ್ಲಿ ಸೋರುವುದನ್ನು ಹುಡುಕುತ್ತಾನೆ. ಇದು ಅವನ ಹವ್ಯಾಸವಂತೆ! ಅವನ ಹವ್ಯಾಸ ನನ್ನ ಹೊಟ್ಟೆಪಾಡು ಎಂಬುದು ನೆನಪಿರಲಿ. ಕಡೂರಿನ ಬಸ್ ನಿಲ್ದಾಣದ ಹಿಂದೆ ವೆಬ್‌ಸೈಟು ಮಾಡಿಕೊಡುವ ಅಂಗಡಿ ನನ್ನದು. ಕಲ್ಯಾಣ ಮಂಟಪ, ಟ್ರ್ಯಾಕ್ಟರ್ ಶೋರೂಮು, ಬೇಕರಿ, ಎಲ್ಲ ನನ್ನ ಕೈಯಿಂದಲೇ ಆಗಿದೆ. ಅತ್ತೆಯ ಮನೆಯಲ್ಲಿ ನಾನು ‘ಕಂಪ್ಯೂಟರ್ ಅಳಿಯ’ ಎಂದೇ ಪ್ರಸಿದ್ಧ. ಪ್ರಸಿದ್ಧನಾಗಿದ್ದೆ.

ಈ ಮಹಾನುಭಾವನ ಕಣ್ಣಿಗೆ ಬರೆಯುವ ಖಾಲಿ ಜಾಗ ಬೀಳಬಾರದು. ಬಿದ್ದರೆ ಕೈ ನವೆಯೇಳುತ್ತದೆ. ಒಮ್ಮೆ ನನಗೆ ಜ್ವರ. ಕ್ಲಿನಿಕ್ಕಿಗೆ ಜೊತೆಗೆ ಬಂದವನು ಇವನು. ಆ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿಯ ಯಂತ್ರದಲ್ಲಿ ಹೆಸರು ಒತ್ತಿದರೆ ಗೋಡೆಯ ಟಿವಿಯಲ್ಲಿ ಮೂಡುತ್ತಿತ್ತು. ನನ್ನ ಹೆಸರು ಒತ್ತಿದೆ, ಇರುವೆಯ ಗಾತ್ರದಲ್ಲಿ ಮೂಡಿತು. ಇವನು ಸುಮ್ಮನಿರಲಾರದೆ ತನ್ನ ಹೆಸರನ್ನೂ ಒತ್ತಿ, ಅದರ ಹಿಂದೆ ಮುಂದೆ ಎಂಥದೋ ಮೊನಚು ಆವರಣ ಚಿಹ್ನೆ ಸೇರಿಸಿದ. ಟಿವಿಯ ತುಂಬ ಅವನೊಬ್ಬನದೇ ಹೆಸರು, ಕುಂಬಳಕಾಯಿ ಗಾತ್ರ!

‘ನೋಡಿದ್ರಾ ಅಣ್ಣ? ಏನು ಬರೆದ್ರೂ ನಂಬ್ತೈತೆ!’ ಎಂದು ಮಗು ಹುಟ್ಟಿದವನ ಹಾಗೆ ಹಿಗ್ಗಿದ. ಅಲ್ಲಿದ್ದವರೆಲ್ಲ ಇದು ಭಾರಿ ಗಂಡಾಂತರದ ಕೇಸು ಎಂದುಕೊಂಡು ದಾರಿ ಬಿಟ್ಟರು. ‘ಮೊದ್ಲು ಇವ್ರನ್ನ ಒಳಗ್ ಬಿಡ್ರಪ್ಪಾ, ಪಾಪ!’ ಎಂದು ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಳು. ಗುಂಡುಕಲ್ಲಿನಂತಿದ್ದ ಇವನನ್ನು ಡಾಕ್ಟರು ಮೊದಲು ನೋಡಿ, ಏನೂ ಇಲ್ಲ ಎಂದು ಕಳಿಸಿದರು. ಜ್ವರ ಬಂದ ನಾನು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ನಡುಗುತ್ತಿದ್ದೆ.

ಈ ವಿದ್ಯೆಗೆ ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್ ಎಂಬ ದೊಡ್ಡ ಹೆಸರಿದೆ. ಹೆದರಬೇಡಿ, ವಿಷಯ ಚಿಕ್ಕದು. ವೆಬ್‌ಸೈಟು ಮಾಡುವ ನಮ್ಮಂಥವರು ಎಲ್ಲವನ್ನೂ ಕೈಯಾರೆ ಬರೆಯುವುದಿಲ್ಲ. ಪ್ಲಗಿನ್ ಎಂಬ ಸಿದ್ಧ ಬಿಡಿಭಾಗಗಳನ್ನು ತಂದು ಕೂರಿಸುತ್ತೇವೆ. ಬಂದವರು ಅಭಿಪ್ರಾಯ ಬರೆಯಲು ಒಂದು ಪೆಟ್ಟಿಗೆ, ದೂರು ಹೇಳಲು ಒಂದು ಪೆಟ್ಟಿಗೆ, ಹೀಗೆ. ಅದನ್ನು ಮಾಡಿದವನು ಹುಷಾರಾಗಿಲ್ಲದಿದ್ದರೆ, ಬಂದವರು ಬರೆದ ಬರಹವನ್ನು ವೆಬ್‌ಸೈಟು ತನ್ನ ಯಜಮಾನನ ಅಪ್ಪಣೆಯೆಂದು ತಿಳಿದು ಕುಣಿಯತೊಡಗುತ್ತದೆ. ಜಗುಲಿಯಲ್ಲಿ ಕೂರಿಸಿದ ನೆಂಟ ನೇರ ಅಡುಗೆಮನೆಗೆ ಹೋಗಿ ಇವತ್ತು ಏನು ಅಡುಗೆ ಆಗಬೇಕೆಂದು ಹೇಳಿದ ಹಾಗೆ. ನನಗೆ ಇದು ಬೇಗ ಅರ್ಥವಾಯಿತು. ನನ್ನ ಅತ್ತೆಯ ಮನೆಯಲ್ಲಿ ಇವನು ಮಾಡಿದ್ದೂ ಅದನ್ನೇ ತಾನೇ?

ತೂತು ಇದೆಯೆಂದು ತೋರಿಸಲು ಒಂದು ಪುಟ್ಟ ಮಾತನ್ನು ಆ ಪೆಟ್ಟಿಗೆಗೆ ತುರುಕುತ್ತಾರೆ. ತೂತಿದ್ದರೆ ಆ ಮಾತು ನೋಡುವವರ ಪರದೆಯ ಮೇಲೆ ಚಂಗನೆ ನೆಗೆಯುತ್ತದೆ, ಕೆಳಗೊಂದು ‘ಸರಿ’ ಎಂಬ ಗುಂಡಿ ಇರುತ್ತದೆ. ಲೋಕದಲ್ಲೆಲ್ಲ ಇದಕ್ಕೆ ಒಂದು ಅಂಕಿಯನ್ನು ಬರೆಯುತ್ತಾರೆ. ಇವನು ಬರೆಯುವುದು ‘ಊಟ ಆಯ್ತಾ?’ ತನ್ನ ಲ್ಯಾಪ್‌ಟಾಪಿನಲ್ಲೇ ಪ್ಲಗಿನ್ ಕೂರಿಸಿ ಪರೀಕ್ಷೆ ಮಾಡಿ, ಮಾಡಿದವರಿಗೆ ವಿನಯದಿಂದ ಬರೆದು ತಿಳಿಸುತ್ತಾನೆ. ಅವರು ತೆರೆದು ನೋಡಿದರೆ ಎದುರಿಗೆ ಕನ್ನಡ ಅಕ್ಷರ! ‘ಇದು ಯಾವ ಭಾಷೆಯ ಬೆದರಿಕೆ?’ ಎಂದು ಒಬ್ಬ ಗಾಬರಿಯಿಂದ ಕೇಳಿದ್ದನಂತೆ.

ಒಬ್ಬರು ಖುಷಿಯಾಗಿ ವಿದೇಶದಿಂದ ಟೀ ಶರ್ಟ್ ಕಳಿಸಿದರು. ಅದರೊಳಗೆ ನಾವಿಬ್ಬರೂ ಒಟ್ಟಿಗೆ ಹೋಗಬಹುದಿತ್ತು, ಅಷ್ಟು ದೊಡ್ಡದು. ಅದನ್ನು ತೊಟ್ಟು ಅವನು ಅಜ್ಜಂಪುರದ ಬೀದಿಯಲ್ಲಿ ನಡೆದ. ‘ಏನಪ್ಪಾ ಬರ್ದಿರೋದು ಬೆನ್ನ್ ಮೇಲೆ?’ ಎಂದು ಅತ್ತೆ ಕೇಳಿದರೆ, ‘ಸೋರೋದನ್ನ ಹುಡುಕ್ದೋನು ಅಂತ ಬರ್ದೈತೆ ಅತ್ತೆ’ ಎಂದ. ಅತ್ತೆ ಬೀದಿಯವರಿಗೆಲ್ಲ ಬೆನ್ನು ತಿರುಗಿಸಿ ತೋರಿಸಿದರು. ಅರ್ಧ ಕಡೂರಿಗೆ ವೆಬ್‌ಸೈಟು ಮಾಡಿಕೊಟ್ಟ ನನಗೆ ಯಾರಾದರೂ ಒಂದು ಕರವಸ್ತ್ರ ಕೊಟ್ಟಿದ್ದಾರೆಯೇ?

‘ನೀವೂ ಒಂದು ತೂತು ಹುಡುಕ್ರೀ’ ಎಂದಳು ನನ್ನ ಹೆಂಡತಿ. ನಾನು ಮಾಡಿದ ವೆಬ್‌ಸೈಟುಗಳಲ್ಲಿ ಹುಡುಕಬೇಕಾದದ್ದೇನೂ ಇರಲಿಲ್ಲ, ಕೈ ಹಾಕಿದಲ್ಲೆಲ್ಲ ಸಿಕ್ಕುತ್ತಿತ್ತು. ಅದನ್ನು ಅವಳಿಗೆ ಹೇಳಲಾದೀತೇ?

ಹಿತ್ತಾಳೆಯ ಅಡ್ಡಣಿಗೆ ಕೈ ಜಾರುವ ಮೊದಲು ಏನಾದರೂ ಮಾಡಬೇಕಿತ್ತು. ಅತ್ತೆಯ ಸಾರಿನ ಪುಡಿ ನಮ್ಮ ಕಡೆ ಹೆಸರುವಾಸಿ. ಮಾವನ ಅಂಗಡಿಗೆ ಬಂದವರು ಕೊಬ್ಬರಿ ಬಿಟ್ಟು ಪುಡಿ ಕೇಳುವುದುಂಟು. ‘ಅತ್ತೆ, ನಿಮ್ಮ ಪುಡಿಗೆ ವೆಬ್‌ಸೈಟ್ ಮಾಡ್ತೀನಿ’ ಎಂದೆ. ಮಾಡಿದೆ. ಮೆಣಸಿನಕಾಯಿಯ ಚಿತ್ರ, ಕೊತ್ತಂಬರಿ ಬೀಜದ ಚಿತ್ರ, ನಡುವೆ ನಗುವ ಅತ್ತೆ. ಕೆಳಗೆ ‘ಗ್ರಾಹಕರ ಅನಿಸಿಕೆ’ ಎಂಬ ಪೆಟ್ಟಿಗೆ, ಪುಕ್ಕಟೆ ಸಿಕ್ಕ ಪ್ಲಗಿನ್. ಅದಾದ ಮೇಲೆ ಬಂದ ಹಬ್ಬಕ್ಕೆ ಹೋದಾಗ ಹಿತ್ತಾಳೆಯ ಅಡ್ಡಣಿಗೆ ಫಳಫಳ ಬೆಳಗಿಕೊಂಡು ನನ್ನ ಮುಂದೆಯೇ ಬಂತು. ಇವನಿಗೆ ಒಂದು ಕಾಲು ಸಡಿಲವಾದ ಮರದ್ದು. ನಾನು ಎಷ್ಟು ತಿಂದೆನೋ ನನಗೇ ತಿಳಿಯದು.

ಊಟವಾದ ಮೇಲೆ ಇವನು ಮೆಲ್ಲಗೆ ಕೇಳಿದ, ‘ಅಣ್ಣ, ಆ ಪೆಟ್ಟಿಗೆ ಒಂದ್ಸಲ ನೋಡ್ಲಾ?’

‘ನೋಡಪ್ಪಾ, ಎಷ್ಟು ಬೇಕಾದ್ರೂ ನೋಡು. ನಾನು ಮಾಡಿರೋದು ಅದು!’ ಎಂದೆ, ಹೋಳಿಗೆಯ ಮದದಲ್ಲಿ.

ಅವನು ತನ್ನ ಮೊಬೈಲಿನಲ್ಲಿ ಆ ಪೆಟ್ಟಿಗೆ ತೆರೆದು ಹೆಬ್ಬೆರಳಾಡಿಸಿದ. ಪಕ್ಕದಲ್ಲಿ ಅತ್ತೆ ತಮ್ಮ ಮೊಬೈಲಿನಲ್ಲಿ ತಮ್ಮದೇ ಚಿತ್ರ ನೋಡಿಕೊಳ್ಳುತ್ತಿದ್ದವರು ಬೆಚ್ಚಿ, ಮರುಕ್ಷಣ ಮುಖವರಳಿಸಿ, ಮೊಬೈಲಿಗೇ ಹೇಳಿದರು: ‘ಆಯ್ತು ಕಣಪ್ಪಾ, ಈಗ್ತಾನೆ ಆಯ್ತು!’

ನಾನು ಬಗ್ಗಿ ನೋಡಿದೆ, ಅತ್ತೆಯ ಚಿತ್ರದ ಮೇಲೆ ‘ಊಟ ಆಯ್ತಾ?’ ನೆಗೆದು ನಿಂತಿತ್ತು.

ಇವನು ಪ್ರಾಮಾಣಿಕ. ಕೂಡಲೇ, ‘ಅತ್ತೆ, ಅದು ತೂತು. ತೆಗಿಬೇಕು’ ಎಂದ. ಪ್ಲಗಿನ್ ಮಾಡಿದವರಿಗೂ ಬರೆದ. ಅವರು ಸರಿಪಡಿಸಿದ್ದನ್ನೂ ಬೇಗ ಕಳಿಸಿದರು. ನಾನು ಅದನ್ನು ಕೂರಿಸಿದೆ. ಮರುದಿನ ಬೆಳಿಗ್ಗೆಯೇ ಅತ್ತೆಯ ಫೋನು. ‘ಏನ್ ಮಾಡಿದ್ರೀ ಅದಕ್ಕೆ? ನೆನ್ನೆವರೆಗೂ ಬಾಯ್ತುಂಬ ಮಾತಾಡ್ಸ್ತಿತ್ತು, ಇವತ್ತು ಮೂಗಿ ಆಗೋಗೈತೆ! ಪುಡಿ ತರ್ಸ್ಕೊಳ್ಳೋ ಸಖರಾಯಪಟ್ಣದ ಆಯಮ್ಮ ಫೋನ್ ಮಾಡಿತ್ತು. ನಿಮ್ ಸಾರಿನ್ ಪುಡಿ ನನ್ನ ಊಟ ಆಯ್ತಾ ಅಂತ ಕೇಳ್ತು ಕಣಮ್ಮಾ, ನನ್ ಸೊಸೆ ಕೂಡ ಕೇಳಿರ್ಲಿಲ್ಲ ಅಂತು. ನೀವು ಅದರ ಬಾಯ್ ಹೊಲ್ದ್ಬಿಟ್ರಲ್ಲಾ!’

‘ಅತ್ತೆ, ಅದು ಅಪಾಯ...’

‘ಊಟ ಕೇಳೋದು ಅಪಾಯಾನಾ? ಚಿಕ್ಕಳಿಯಂದ್ರು ಮಾಡಿದ್ದನ್ನ ಮೊದಲಿನ ಹಂಗೇ ಇಡ್ರಿ. ಇನ್ ಮುಟ್ಟಿದ್ರೆ ನೋಡಿ!’

ಚಿಕ್ಕಳಿಯಂದ್ರು ಮಾಡಿದ್ದಂತೆ! ಮೆಣಸಿನಕಾಯಿಯ ಚಿತ್ರದಿಂದ ಹಿಡಿದು ಎಲ್ಲವನ್ನೂ ಮಾಡಿದವನು ನಾನು. ಅದರಲ್ಲಿ ಅವನು ಮಾಡಿದ್ದು ತೂತು ಹುಡುಕಿದ್ದಷ್ಟೇ. ಹಳೆಯ ಸೋರುವ ಪ್ಲಗಿನ್ನನ್ನೇ ವಾಪಸು ಕೂರಿಸಿದೆ. ನಿಜ ಹೇಳಬೇಕೆಂದರೆ ತೂತಿಲ್ಲದೆಯೂ ಆ ಮಾತು ಕೇಳಿಸುವಂತೆ ಮಾಡಬಹುದಿತ್ತು. ನಾನೇ ವೆಬ್‌ಸೈಟಿನಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆದರೆ ಅದು ಅವನ ಮಾತು! ಅವನ ಮಾತನ್ನು ನನ್ನ ಕೈಯಿಂದ ಬರೆಯುವುದೇ? ಸೋರಿದರೆ ಸೋರಲಿ ಎಂದು ಬಿಟ್ಟೆ. ಮುಂದಿನ ಹಬ್ಬದಲ್ಲಿ ಹಿತ್ತಾಳೆಯ ಅಡ್ಡಣಿಗೆ ನನ್ನ ಮುಂದಿನಿಂದ ಹಾದು ಅವನ ಮುಂದೆ ಹೋಗಿ ಕುಳಿತಿತು. ನನ್ನ ತಟ್ಟೆ ಸಡಿಲ ಕಾಲಿನ ಮೇಲೆ ವಾಲಿ, ಸಾರು ಒಂದು ಕಡೆಗೆ ಹರಿಯಿತು. ಆ ಸಾರು ಕೂಡ ಅದೇ ಪುಡಿಯದು.

ತೂತು ಎಂದ ಮೇಲೆ ಒಳ್ಳೆಯವರೇ ನುಗ್ಗುತ್ತಾರೆಯೇ? ಸ್ವಲ್ಪ ದಿನಕ್ಕೆ ಸಖರಾಯಪಟ್ಟಣದ ಅದೇ ಆಯಮ್ಮನ ಫೋನು ಅತ್ತೆಗೆ ಬಂತು. ‘ಅಮ್ಮಾ, ಇದೇನ್ರಮ್ಮಾ? ನಿಮ್ ಸಾರಿನ್ ಪುಡಿ ಊಟ ಆಯ್ತಾ ಅಂತ ಕೇಳ್ತು. ಆಯ್ತು ಅಂತ ಒತ್ತುದ್ರೆ ಇಸ್ಪೀಟ್ ಎಲೆ ಬತ್ತಾವೆ, ದುಡ್ ಕಟ್ಟು ಅಂತೈತೆ! ನಮ್ ಯಜಮಾನ್ರು ಬೆಳಿಗ್ಗೆಯಿಂದ ಕೂತೇ ಬಿಟ್ಟವ್ರೆ!’

ನಮ್ಮ ಅತ್ತೆಯದು ಇಸ್ಪೀಟಿನ ಎಲೆ ಹೊಸ್ತಿಲು ದಾಟದ ಮನೆ. ಇಷ್ಟಲಿಂಗ ಪೂಜೆ ಮುಗಿಯದೆ ಒಲೆ ಹಚ್ಚುವವರಲ್ಲ ಅವರು. ಅಂಥವರ ನಗುಮುಖದ ಕೆಳಗೆ ಯಾರೋ ಜೂಜಿನ ಅಡ್ಡೆ ತೆರೆದಿದ್ದರು. ಅತ್ತೆ ನನಗೆ ಫೋನು ಮಾಡಿದಾಗ ಬೈಯಲಿಲ್ಲ. ‘ನನ್ ಹೆಸ್ರು ಹಿಂಗಾಯ್ತಲ್ಲಪ್ಪಾ’ ಎಂದರು, ಅಷ್ಟೇ. ಬೈದಿದ್ದರೆ ವಾಸಿಯಾಗಿತ್ತು.

ನಾನು ವೆಬ್‌ಸೈಟನ್ನು ಮುಚ್ಚಿ, ಬೈಕ್ ಹತ್ತಿ ಅಜ್ಜಂಪುರ ತಲುಪುವಷ್ಟರಲ್ಲಿ ತರೀಕೆರೆಯಿಂದ ಇವನು ಬಂದು ಕುಳಿತಿದ್ದ. ‘ನಾನು ಆವತ್ತೇ ಹೇಳಿದ್ದೆ’ ಎಂದು ಹೇಳುತ್ತಾನೆ ಎಂದು ಕಾದೆ. ಅದಕ್ಕೆ ಕೊಡಬೇಕಾದ ಉತ್ತರವನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದೆ. ಅವನು ಹೇಳಲೇ ಇಲ್ಲ! ‘ಅಣ್ಣ, ಪ್ಲಗಿನ್ ಬ್ಯಾಡ. ನೀವೇ ಬರೀರಿ, ನಾನು ನೋಡ್ತಾ ಇರ್ತೀನಿ’ ಎಂದ. ಜಗುಲಿಯ ಮೇಲೆ ಅಕ್ಕಪಕ್ಕ ಕುಳಿತು ಇಸ್ಪೀಟಿನ ಕಸವನ್ನೆಲ್ಲ ಬಳಿದು ಹಾಕಿದೆವು. ಹಳೆಯ ಪೆಟ್ಟಿಗೆಯ ಜೊತೆ ಅವನ ‘ಊಟ ಆಯ್ತಾ?’ ಕೂಡ ಅಳಿಸಿಹೋಯಿತು. ನನಗೆ ಸಂತೋಷವಾಗಬೇಕಿತ್ತು.

‘ಅಲ್ಲ ಕಣೋ, ಊರೋರೆಲ್ಲ ಒಂದು ಅಂಕಿ ಬರೆದು ಕೈ ತೊಳ್ಕೊತಾರೆ. ನಿಂದೇನು ಎಲ್ಲಿ ಹೋದ್ರೂ ಊಟದ್ದೇ ಚಿಂತೆ?’ ಎಂದೆ, ಕೆಣಕುವುದಕ್ಕೇ.

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ‘ಅಪ್ಪ ಅಮ್ಮ ಹೋದ್ಮೇಲೆ ದೇವನೂರಿನ ಚಿಕ್ಕಪ್ಪ ನನ್ನ ಮಠದ ಹಾಸ್ಟೆಲ್‌ಗೆ ಸೇರ್ಸಿದ್ರು ಅಣ್ಣ. ಗಂಟೆ ಹೊಡೀತಿತ್ತು, ಹೋಗಿ ಸಾಲಲ್ಲಿ ಕೂರ್ತಿದ್ವಿ. ಹೊಟ್ಟೆ ತುಂಬ ಹಾಕೋರು, ಸುಳ್ಳು ಹೇಳ್ಬಾರ್ದು. ಊಟಕ್ಕೇನೂ ಕಮ್ಮಿ ಇರ್ಲಿಲ್ಲ. ಆಯ್ತಾ ಅಂತ ಕೇಳೋರು ಇರ್ಲಿಲ್ಲ ಅಷ್ಟೆ.’

ನಾನು ಲ್ಯಾಪ್‌ಟಾಪನ್ನು ಅವನ ಕಡೆಗೆ ಇನ್ನಷ್ಟು ಸರಿಸಿದೆ.

‘ಹುಡುಗಿ ನೋಡೋಕೆ ಬಂದಾಗ ಅತ್ತೆ ಬಾಗ್ಲಲ್ಲೇ ಕೇಳ್ಬಿಟ್ರು, ಊಟ ಆಯ್ತೇನಪ್ಪಾ ಅಂತ. ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಕಣ್ಣೊರೆಸ್ಕೊಳ್ಳೋಕೆ ಒಂದು ಮರೆ ಬೇಕಿತ್ತು. ಬಚ್ಚಲ್ಮನೇಲಿ ನಲ್ಲಿ ತೊಟ್ಟಿಕ್ತಿತ್ತಲ್ಲ, ಪುಣ್ಯಕ್ಕೆ! ಸ್ಪ್ಯಾನರ್ ಕೇಳ್ಕೊಂಡು ಒಳಗ್ ಹೋದೆ.’

ಅಷ್ಟರಲ್ಲಿ ಅತ್ತೆ ಊಟಕ್ಕೆ ಕರೆದರು. ಹಿತ್ತಾಳೆಯ ಅಡ್ಡಣಿಗೆಯನ್ನು ಕೈಯಲ್ಲಿ ಹಿಡಿದು ನಮ್ಮಿಬ್ಬರ ಮುಖವನ್ನೂ ನೋಡುತ್ತ ನಿಂತಿದ್ದರು. ‘ಅವನಿಗೇ ಇಡಿ ಅತ್ತೆ’ ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

‘ಬ್ಯಾಡ ಅತ್ತೆ, ಅದು ಎತ್ತರ. ಮೊಣಕಾಲಿಗೆ ಬಡಿಯುತ್ತೆ’ ಎಂದವನೇ ಸಡಿಲ ಕಾಲಿನ ಮರದ ಅಡ್ಡಣಿಗೆಯನ್ನು ಎಳೆದುಕೊಂಡು, ತಲೆಕೆಳಗು ಮಾಡಿ, ಕಾಲನ್ನು ಅಲ್ಲಾಡಿಸಿ ನೋಡತೊಡಗಿದ. ಮುಖದಲ್ಲಿ ಆನಂದವೋ ಆನಂದ! ನಾನು ವರ್ಷಗಟ್ಟಲೆ ಕಾವಲು ಕಾದ ಸಿಂಹಾಸನ ಅವನಿಗೆ ಬೇಕಾಗಿಯೇ ಇರಲಿಲ್ಲ. ಇದಕ್ಕೂ ಸ್ವಲ್ಪ ಹೊಟ್ಟೆ ಉರಿಯಿತು, ಇಲ್ಲವೆನ್ನುವುದಿಲ್ಲ.

ಕಡೂರಿಗೆ ಬಂದು ಹೊಸ ಪೆಟ್ಟಿಗೆಯನ್ನು ಕೈಯಾರೆ ಬರೆದೆ. ಯಾರು ಏನೇ ಬರೆದರೂ ಅದನ್ನು ಬರಹವೆಂದು ಮಾತ್ರ ತೋರಿಸುವ, ಅಪ್ಪಣೆಯೆಂದು ಕುಣಿಯದ ಪೆಟ್ಟಿಗೆ. ಕೊನೆಗೆ ಒಂದು ಸಾಲು ಸೇರಿಸಿದೆ. ಈಗ ಅತ್ತೆಯ ವೆಬ್‌ಸೈಟು ತೆರೆದರೆ, ತೂತಿನಿಂದಲ್ಲ, ಮುಂಬಾಗಿಲಿನಿಂದಲೇ ‘ಊಟ ಆಯ್ತಾ?’ ಎಂದು ಕೇಳುತ್ತದೆ. ಅವನ ಮಾತನ್ನು ನನ್ನ ಕೈ ಬರೆಯಿತು. ಕೈಗೇನೂ ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಅವನ ಫೋನು ಬಂತು. ‘ಅಣ್ಣ, ಬೆಳಿಗ್ಗೆಯಿಂದ ಎಲ್ಲಾ ಥರದಲ್ಲೂ ನೋಡ್ದೆ. ಒಂದು ತೊಟ್ಟೂ ಸೋರ್ತಿಲ್ಲ! ಭಾರಿ ಬರ್ದಿದೀರಿ.’ ವಿದೇಶದ ಟೀ ಶರ್ಟ್ ಬಂದಿದ್ದರೂ ನನಗೆ ಅಷ್ಟು ಹಿಗ್ಗಾಗುತ್ತಿರಲಿಲ್ಲ.

ಫೋನು ಇಡಬೇಕು, ಆಗ ತೋಚಿತು. ಇವನು ಲೋಕಕ್ಕೆಲ್ಲ ಕೇಳಿದ್ದಾನೆ. ಎಲ್ಲರೂ ‘ಸರಿ’ ಎಂಬ ಗುಂಡಿ ಒತ್ತಿ ತಮ್ಮ ಪಾಡಿಗೆ ಹೋಗಿದ್ದಾರೆ. ಎದುರುಮನೆಯವರನ್ನು ದಿನಾ ವಿಚಾರಿಸುವ ನಾನು ಇವನನ್ನು ಒಂದು ದಿನವಾದರೂ ಕೇಳಿದ್ದೇನೆಯೇ?

‘ಊಟ ಆಯ್ತೇನೋ?’ ಎಂದೆ.

‘ಅಣ್ಣ... ಒಂದ್ನಿಮಿಷ ಇರಿ. ಇಲ್ಲಿ ಬಚ್ಚಲ್ಮನೇಲಿ ನಲ್ಲಿ ತೊಟ್ಟಿಕ್ತಾ ಐತೆ, ನೋಡ್ಕಂಡ್ ಬತ್ತೀನಿ.’

ಅವನ ಮನೆಯಲ್ಲಿ ತೊಟ್ಟಿಕ್ಕುವ ನಲ್ಲಿಯೇ! ನಾನು ಫೋನು ಇಡದೆ ಕಾಯುತ್ತ ಕುಳಿತೆ.